ಐದಡಿಯ ಬೈತಲೆ

ಓವರ್‌ಸಿಯರು ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ತಿರುಪು ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಟೋಪಿ ತೆಗೆದು ಬೆವರು ಒರೆಸಿಕೊಂಡು, "ಬರೀ ಜಾಲಿ ಕಾಣ್ತಿದೆ ಕಣ್ರಿ" ಎಂದರು.

ಅವರು ಮೈಸೂರು ಕಡೆಯವರು. ಭದ್ರಾ ಕಾಲುವೆಯನ್ನು ನಮ್ಮ ಕಡೆಗೆ ಅಗೆಯುತ್ತಿದ್ದ ಕಾಲ ಅದು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬನ್ನು ಎಲ್ಲಿ ಇಡಬೇಕೆಂದು ಗೊತ್ತುಮಾಡಲು ನೆಲದ ಏರಿಳಿತ ಅಳೆಯಬೇಕಿತ್ತು. ಒಬ್ಬರು ದೂರದಲ್ಲಿ ಅಂಕಿ ಬರೆದ ಕೋಲು ಹಿಡಿದು ನಿಲ್ಲುವುದು, ಇನ್ನೊಬ್ಬರು ದುರ್ಬೀನಿನಲ್ಲಿ ಅಂಕಿ ಓದುವುದು. ನಡುವೆ ಆಳೆತ್ತರದ ಮುಳ್ಳು ನಿಂತಿದ್ದರೆ ಓದುವುದೇನನ್ನು?

"ಶಿವರಾತ್ರಿ ಕಳೆದ ಸೋಮವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ನನ್ನ ಕೋಲು ಈ ತಲೆಯಿಂದ ಆ ತಲೆಗೆ ಕಾಣಿಸಬೇಕು. ಇಲ್ಲದಿದ್ರೆ ತೂಬನ್ನ ಆ ಕಡೆ ದಿಬ್ಬದವರಿಗೆ ಕೊಟ್ಟು ಮುಂದೆ ಹೋಗ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದು ದುರ್ಬೀನನ್ನು ಪೆಟ್ಟಿಗೆಯಲ್ಲಿಟ್ಟರು.

ಆನಗೋಡಿನ ಕಡೆಯ ಆ ನೆಲ ಮೂವತ್ತು ಎಕರೆ. ಹತ್ತು ಎಕರೆ ದಾವಣಗೆರೆಯ ಒಬ್ಬ ಹತ್ತಿ ಸಾಹುಕಾರರದು; ನಾನು ಅವರ ಟ್ರ್ಯಾಕ್ಟರಿನ ಡ್ರೈವರ್. ಆರು ಎಕರೆ ನನ್ನ ಹೆಂಡತಿಯ ತವರಿನವರದು. ಉಳಿದದ್ದು ಇನ್ನೂ ನಾಲ್ಕು ಮನೆಗಳಿಗೆ ಸೇರಿದ್ದು. ಜಾಲಿ, ಕಾರೆ, ತಂಗಡಿ ಬೆಳೆದು, ಒಳಗೆ ಕಲ್ಲೂ ಹುತ್ತವೂ ಸೇರಿ, ಎರಡು ತಲೆಮಾರಿನಿಂದ ಅಲ್ಲಿ ನೇಗಿಲು ಇಳಿದಿರಲಿಲ್ಲ. ಕೊಡಲಿಯವರು ಸಿಗುತ್ತಿರಲಿಲ್ಲ. ಕೈಯಲ್ಲಿ ಶಕ್ತಿಯಿದ್ದವರೆಲ್ಲ ಕಾಲುವೆಯ ಮಣ್ಣು ಹೊರಲು ಹೋಗಿದ್ದರು. ನಮ್ಮ ಹತ್ತಿರ ಇದ್ದದ್ದು ಐದು ವಾರ.

ಆ ಐದು ವಾರಗಳನ್ನು ಈಗ ಬರೆಯಲು ಕಾರಣವಿದೆ. ನನ್ನ ಹೆಂಡತಿ ಕಳೆದ ಕಾರ್ತಿಕದಲ್ಲಿ ತೀರಿಕೊಂಡಳು. ಅವಳನ್ನು ಕುರಿತು ಬರೆಯೋಣವೆಂದು ಮೂರು ಸಲ ಕೂತೆ. ಎಂಟನೇ ತರಗತಿ ಓದಿದವನಿಗೆ ಅಂಥ ಮಾತುಗಳು ಒದಗುವುದಿಲ್ಲ. ಕೆಲಸವನ್ನು ಕುರಿತಾದರೆ ಬರೆಯಬಲ್ಲೆ. ಈ ಕೆಲಸದಲ್ಲಿ ಅವಳಿದ್ದಳು.

ಸಾಹುಕಾರರು ವಿಷಯ ಕೇಳಿ ಹೆಚ್ಚು ಯೋಚಿಸಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮುಳ್ಳುಕಂಟಿ ಕತ್ತರಿಸುವ ಮಿಶನ್ನು ಬಂದಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ರೋಟರಿ ಕಟರ್ ಎಂದು ಅದರ ಹೆಸರು. ನನ್ನನ್ನು ಕರೆದುಕೊಂಡು ಮಿಲ್ಲಿನ ರಸ್ತೆಯಲ್ಲಿದ್ದ ಏಜೆಂಟರ ಗೋದಾಮಿಗೆ ಹೋದರು.

ಅಲ್ಲಿ ಎರಡಿದ್ದವು. ಎರಡಕ್ಕೂ ಕೆಂಪು ಬಣ್ಣ. ಒಂದು ಐದಡಿ ಅಗಲ, ಇನ್ನೊಂದು ಏಳಡಿ. ಮೇಲಿಂದ ನೋಡಿದರೆ ಮಗುಚಿಟ್ಟ ದೊಡ್ಡ ಬಾನಿಯಂತೆ. ಬಗ್ಗಿ ಅಡಿಯಲ್ಲಿ ನೋಡಿದೆ. ನಡುವೆ ಒಂದು ದಪ್ಪ ತಟ್ಟೆ, ತಟ್ಟೆಯ ಎರಡು ಅಂಚಿಗೆ ಒಂದೊಂದು ಅಲಗು. ಅಲಗನ್ನು ಬಿಗಿಯಾಗಿ ಕೂರಿಸಿರಲಿಲ್ಲ, ಗೂಟಕ್ಕೆ ಸಿಕ್ಕಿಸಿ ಸಡಿಲ ಬಿಟ್ಟಿದ್ದರು. ಬೆರಳಿನಿಂದ ತಳ್ಳಿದರೆ ಬಾಗಿಲಿನ ಚಿಲಕದ ಹಾಗೆ ಹಿಂದಕ್ಕೆ ಸರಿಯಿತು. ತಟ್ಟೆ ಜೋರಾಗಿ ತಿರುಗುವಾಗ ಅಲಗು ತಾನಾಗಿ ಹೊರಕ್ಕೆ ಸೆಟೆದು ನಿಲ್ಲುತ್ತದೆ, ಕಲ್ಲು ತಗುಲಿದರೆ ಹಿಂದಕ್ಕೆ ಮಡಿಚಿಕೊಳ್ಳುತ್ತದೆ ಎಂದು ಏಜೆಂಟರು ವಿವರಿಸಿದರು. ಇಷ್ಟು ಗಟ್ಟಿ ಕಬ್ಬಿಣಕ್ಕೆ ಹಿಂದೆ ಸರಿಯುವ ಬುದ್ಧಿಯನ್ನು ಯಾರು ಕಲಿಸಿದರೋ ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

"ಏಳಡೀದ ತಗೊಳ್ರಿ ಸಾವ್ಕಾರ್ರೆ. ಐದಡಿ ಅಂದ್ರೆ ನಾಕು ಸುತ್ತು ಹೊಡೀಬೇಕು, ಇದು ಮೂರು ಸುತ್ತಿಗೆ ಖಲಾಸ್" ಎಂದರು ಏಜೆಂಟರು.

"ಎಷ್ಟು ಕುದುರೆ ಬೇಕಾಗ್ತೈತ್ರಿ ಇದಕ್ಕ?" ಎಂದು ನಾನು ಕೇಳಿದೆ.

"ಮೂವತ್ತೈದು. ನಿಮ್ ಟ್ರ್ಯಾಕ್ಟರ್ ಎಷ್ಟು?"

"ಮೂವತ್ತೈದು."

"ಮತ್ತಿನ್ನೇನು! ಜಾತಕ ಕೂಡಿ ಬಂತು. ಲಗ್ನ ಮಾಡಿಬಿಡ್ರಿ."

ಸಾಹುಕಾರರು ನಕ್ಕರು. ನಾನೂ ನಕ್ಕೆ. ನನ್ನ ಮನಸ್ಸೂ ಏಳಡಿಯ ಮೇಲೆಯೇ ಇತ್ತು. ದೊಡ್ಡದು ಕಣ್ಣಿಗೆ ತುಂಬುತ್ತದೆ. ಆದರೂ ಸಾಹುಕಾರರು ವ್ಯಾಪಾರಸ್ಥರು. "ಮೂರು ದಿನ ಬಿಟ್ಟು ಹೇಳ್ತೀವಿ" ಎಂದು ಎದ್ದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ನೋಡಪಾ, ಓಡ್ಸೋನು ನೀನು. ಆರಿಸೋದು ನಿಂದು. ತಪ್ಪಿದ್ರೆ ತಪ್ಪೂ ನಿಂದೇ" ಎಂದರು.

ಮನೆಗೆ ಬಂದು ಊಟಕ್ಕೆ ಕೂತು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು.

"ಎಷ್ಟು ದಪ್ಪದ್ದು ಕಡೀತೈತೆ?"

"ಸುಮಾರು ದಪ್ಪದ್ದು."

"ಸುಮಾರು ಅಂದ್ರೆ? ಹೆಬ್ಬೆಟ್ಟೋ, ಮುಂಗೈಯೋ, ತೊಡೆಯೋ?"

ಮುಂಗೈ ದಪ್ಪದವರೆಗೆ ಎಂದು ಏಜೆಂಟರು ಕೈ ತೋರಿಸಿ ಹೇಳಿದ್ದು ನೆನಪಾಯಿತು. ಹೇಳಿದೆ.

"ನಮ್ಮ ಅಡವ್ಯಾಗ ತೊಡೆ ದಪ್ಪದ್ದೂ ಅದಾವು. ಎಲ್ಲೆಲ್ಲಿ ಅಂತ ನಿಮಗ ಗೊತ್ತೈತೇನು?"

"ನನಗೆ ಹೆಂಗ್ ಗೊತ್ತಾಗ್ತೈತೆ?"

"ಮತ್ತೆ ಮಿಶನ್ ಹೆಂಗ್ ಆರಿಸ್ತೀರಿ? ಕಾಲು ನೋಡ್ದೆ ಕೆರ ಹೊಲಿದಂಗಾತು."

ಮರುದಿನ ಬೆಳಿಗ್ಗೆ ಅವಳೇ ಹೊರಟುನಿಂತಳು. ಒಂದು ಕೈಯಲ್ಲಿ ಸುಣ್ಣದ ನೀರಿನ ತಂಬಿಗೆ, ಇನ್ನೊಂದರಲ್ಲಿ ಸವೆದ ಕಸಬರಿಗೆಯ ತುಂಡು. ಮದುವೆಯಾಗುವ ತನಕ ಅವಳು ಅಲ್ಲಿ ಮೇಕೆ ಕಾಯುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಹಾಗೆಂದರೇನು ಎಂದು ಗೊತ್ತಾಗಿದ್ದು ಅಂದು.

ಮೇಲಿನಿಂದ ನೋಡಿದರೆ ಮುಳ್ಳೂ ಹುಲ್ಲೂ ಬಿಟ್ಟರೆ ಏನೂ ಕಾಣದು. ಅವಳು ಹುಲ್ಲಿನೊಳಗೆ ಕಾಲು ಹಾಕಿ, "ಇಲ್ಲೈತೆ ಎಮ್ಮೆಬೆನ್ನು" ಎಂದು ಹುಲ್ಲು ಸರಿಸುತ್ತಿದ್ದಳು. ನಿಜವಾಗಿಯೂ ಎಮ್ಮೆಯ ಬೆನ್ನಿನಂಥ ಕಪ್ಪು ಕಲ್ಲು ನೆಲದಿಂದ ಒಂದು ಗೇಣು ಎದ್ದಿರುತ್ತಿತ್ತು. ಸುಣ್ಣ ಬಳಿಯುವಳು. ಮುಂದೆ "ಅಜ್ಜಿಮಂಡಿ." ಅದರಾಚೆ "ಜಗಳಗಂಟಿ", ಎರಡು ಕಲ್ಲು ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಂತೆ. ಮೇಕೆ ಕಾಯುವ ಹುಡುಗಿಯರು ಪ್ರತಿ ಕಲ್ಲಿಗೂ ಹೆಸರಿಟ್ಟಿದ್ದರು, ಯಾವ ಕಲ್ಲಿನ ಹತ್ತಿರ ಯಾರು ನಿಲ್ಲಬೇಕೆಂದು ಕೂಗಿ ಹೇಳಲು. ಹನ್ನೆರಡು ವರ್ಷ ಆ ಕಡೆ ಕಾಲಿಡದವಳು ಒಂದೊಂದನ್ನೂ ಬಳಗದವರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತ ಹೋದಳು. ಎರಡು ದಿನದಲ್ಲಿ ನೂರಕ್ಕೂ ಹೆಚ್ಚು ಕಲ್ಲಿಗೆ ಸುಣ್ಣ ಬಿತ್ತು. ತೊಡೆ ದಪ್ಪದ ಜಾಲಿಗಳಿಗೂ ಒಂದೊಂದು ಬಿಳಿ ಗೆರೆ. ನಾನು ತಂಬಿಗೆ ಹಿಡಿದು ಹಿಂದೆ ನಡೆದೆ. ಕಚೇರಿಯಲ್ಲಿ ಆ ನೆಲದ ನಕ್ಷೆಯಿತ್ತು. ಅದರಲ್ಲಿ ಒಂದು ಕಲ್ಲೂ ಇರಲಿಲ್ಲ.

ಎರಡನೇ ದಿನ ಅವಳು ಜಗಳಗಂಟಿ ಕಲ್ಲುಗಳ ನಡುವೆ ನಿಂತು ಎರಡೂ ತೋಳು ಚಾಚಿದಳು. ಬೆರಳ ತುದಿಗೆ ಕಲ್ಲು ತಾಕಲಿಲ್ಲ. "ನನ್ನ ಮಾರು ಎಷ್ಟು, ಅಳೀರಿ" ಎಂದಳು. ನನ್ನ ಜೇಬಿನಲ್ಲಿ ಟೇಪಿತ್ತು. ಬೆರಳ ತುದಿಯಿಂದ ತುದಿಗೆ ಐದು ಅಡಿ ಒಂದು ಅಂಗುಲ. ಆಮೇಲೆ ಕಲ್ಲು ಕಲ್ಲಿನ ನಡುವೆ ಹೋಗಿ ಹೋಗಿ ತೋಳು ಚಾಚಿದಳು. ಬಹಳ ಕಡೆ ಅವಳ ಮಾರು ಹಿಡಿಯಿತು, ಏಳಡಿ ಹಿಡಿಯುವ ಜಾಗ ಐದಾರು ಮಾತ್ರ.

ಆ ರಾತ್ರಿ ಟ್ರ್ಯಾಕ್ಟರಿನ ಜೊತೆ ಬಂದಿದ್ದ ಪುಸ್ತಕ ತೆಗೆದು ಅಕ್ಷರ ಕೂಡಿಸಿ ಓದಿದೆ. ಮೂವತ್ತೈದು ಕುದುರೆ ಇಂಜಿನ್ನಿನ ಲೆಕ್ಕ. ಹಿಂದಿನ ಷಾಫ್ಟಿಗೆ, ಅಂದರೆ ಕಟರಿಗೆ, ಬಂದು ಮುಟ್ಟುವುದು ಇಪ್ಪತ್ತೊಂಬತ್ತು. ಎತ್ತು ತಿಂದ ಮೇವೆಲ್ಲ ನೇಗಿಲಿಗೆ ಹೋಗುವುದಿಲ್ಲವಲ್ಲ. ಏಜೆಂಟರು ಹೇಳಿದ ಮೂವತ್ತೈದು ಹಿಂದಿನ ಕುದುರೆ, ನಾನು ಹೇಳಿದ ಮೂವತ್ತೈದು ಮುಂದಿನ ಕುದುರೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಂದು ಅಡಿ ಅಗಲಕ್ಕೆ ಐದು ಕುದುರೆ ಎಂದರೆ ಐದಡಿಗೆ ಇಪ್ಪತ್ತೈದು. ಹತ್ತಿಯಂಥ ನೆಲವಾಗಿದ್ದರೆ ಏಳಡಿಯನ್ನೂ ಎಳೆದಾಡಬಹುದಿತ್ತು, ಜಾಲಿಯಲ್ಲಿ ಆಗದು.

ಸಾಹುಕಾರರಿಗೆ ಐದಡಿ ಎಂದೆ.

"ಏಳು ಬಿಟ್ಟು ಐದಾ? ಯಾರು ಹೇಳಿದ್ರು?"

ಕುದುರೆಯ ಲೆಕ್ಕ ಹೇಳಿದೆ. ಆಮೇಲೆ ಮುಚ್ಚಿಡಬಾರದೆಂದು, "ನಮ್ಮನೇಕಿ ಮಾರು ಹಾಕಿ ಅಳೆದಾಳ್ರಿ" ಎಂದೂ ಹೇಳಿದೆ.

"ಮಾರು ಹಾಕಿ ತಗಳ್ಳಾಕ ಅದೇನು ಮಲ್ಲಿಗೆ ದಂಡೆ ಏನಲೇ?" ಗುಮಾಸ್ತರೆಲ್ಲ ತಲೆ ಎತ್ತಿ ನಕ್ಕರು. ಸಾಹುಕಾರರು ನಗು ನಿಲ್ಲಿಸಿ, "ಆತು, ನಿನ್ನ ಮಾತಿಗೆ ತಗಂತೀನಿ. ತೂಬು ತಪ್ಪಿತೋ, ಸ್ಟೇರಿಂಗ್ ಬಿಟ್ಟು ಮಲ್ಲಿಗೆ ಮಾರಾಕ ಹೋಗು" ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಅವಳು, "ಮಲ್ಲಿಗೆ ಆದ್ರೆ ಮೊಳ ಹಾಕ್ತಾರೆ. ನಿಮ್ ಸಾವ್ಕಾರ್ರು ಹೆಂಡ್ತಿಗೆ ಒಂದಿನಾನೂ ಹೂವು ತಂದಿಲ್ಲ ಅನ್ಸುತ್ತೆ" ಎಂದಳು.

ಐದಡಿಯ ಕಟರ್ ಕೈಗೆ ಬರುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ಕಟರಿಗಿಂತ ಆಚೆ ಚಾಚಿದ್ದವು. ಕತ್ತರಿಸದ ಮುಳ್ಳಿನ ಮೇಲೆ ಚಕ್ರ ಹತ್ತಿದರೆ ಟಯರು ಉಳಿಯುವುದಿಲ್ಲ. ಚಕ್ರಗಳನ್ನು ಬಿಚ್ಚಿ ಒಳಕ್ಕೆ ಸರಿಸಿ ಕೂರಿಸಿದೆ. ಹಾಗೆ ಮಾಡಿದರೆ ಇಳಿಜಾರಿನಲ್ಲಿ ಮಗುಚುವ ಭಯವಿರುತ್ತದೆ. ಅದಕ್ಕೆ ಇಳಿಜಾರಿನಲ್ಲಿ ಅಡ್ಡ ಓಡಿಸದೆ ಉದ್ದಕ್ಕೆ ಮಾತ್ರ ಓಡಿಸುವುದೆಂದು ಗೊತ್ತುಮಾಡಿಕೊಂಡೆ. ಹಿಂದೆ ಮುಂದೆ ನೂರು ಹೆಜ್ಜೆ ಯಾರೂ ನಿಲ್ಲಬಾರದೆಂದು ಸಾರಿಸಿದೆ.

ಮೊದಲ ದಿನ ಷಾಫ್ಟು ತಿರುಗಿಸಿ ಕಟರನ್ನು ಗೇಣೆತ್ತರಕ್ಕೆ ಇಳಿಸಿ ಮುಂದೆ ಬಿಟ್ಟಾಗ ಆದ ಸದ್ದನ್ನು ಹೇಗೆ ಹೇಳಲಿ? ದೊಡ್ಡ ಮಳೆ ದೂರದಿಂದ ಬರುವಾಗ ಬರುವ ಸದ್ದು ಅದು. ಆಳೆತ್ತರದ ಜಾಲಿ ನನ್ನ ಮುಂದೆ ಬಾಗಿ, ಟ್ರ್ಯಾಕ್ಟರಿನ ಅಡಿಗೆ ಹೋಗಿ, ಹಿಂದೆ ನೋಡಿದರೆ ಇಲ್ಲ. ತುಂಡು, ಪುಡಿ, ಹಸಿ ತೊಗಟೆಯ ವಾಸನೆ. ನನ್ನ ಹೆಂಡತಿಯ ಅಣ್ಣ ದೂರದಿಂದ ಕೈ ಮುಗಿದ. ಮಿಶನ್ನಿಗೋ ನೆಲಕ್ಕೋ ಗೊತ್ತಾಗಲಿಲ್ಲ. ಅವನ ಅಜ್ಜ ಉಳುಮೆ ಬಿಟ್ಟ ನೆಲವನ್ನು ಅವನು ಮೊದಲ ಸಲ ಕಾಣುತ್ತಿದ್ದ.

ಮೂರನೇ ದಿನ ಬೋಲ್ಟು ಮುರಿಯಿತು. ಟ್ರ್ಯಾಕ್ಟರಿನ ಷಾಫ್ಟಿಗೂ ಕಟರಿನ ಷಾಫ್ಟಿಗೂ ನಡುವೆ ಕಿರುಬೆರಳು ದಪ್ಪದ ಒಂದು ಬೋಲ್ಟು ಇರುತ್ತದೆ. ಬೇರೊಂದು ಹಾಕಿದೆ. ಮಧ್ಯಾಹ್ನ ಅದೂ ಮುರಿಯಿತು. ಜೊತೆಗೆ ಕೊಟ್ಟಿದ್ದ ಆರೂ ವಾರದೊಳಗೆ ಮುಗಿದವು. ಏಜೆಂಟರು ಬೊಂಬಾಯಿಗೆ ಕಾಗದ ಬರೆಯುತ್ತೇನೆ ಎಂದರು. ನಾನು ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ಹರಿಹರಕ್ಕೆ ಹೋದೆ.

ಹರಿಹರದಲ್ಲಿ ಒಬ್ಬ ಮೇಸ್ತ್ರಿ ಲೇತು ಇಟ್ಟುಕೊಂಡಿದ್ದರು. ಅವರ ಕೈಯಲ್ಲಿ ಆದ ಕೆಲಸಕ್ಕೆ ಎರಡನೇ ಸಲ ರಿಪೇರಿ ಇಲ್ಲ ಎಂದು ಹೊಳೆಯ ಆಚೆಗೂ ಈಚೆಗೂ ಹೆಸರು. ತುಂಡನ್ನು ಉಗುರಿನಿಂದ ಕೆರೆದು, ಮೂಗು ಮುರಿದರು.

"ಇದೇನು ಬೆಲ್ಲದಾಗ ಮಾಡ್ಯಾರೇನೋ ತಮ್ಮಾ? ಪರದೇಶದ ಮಾಲು ಅಂತ ಮೇಲೆ ಬಣ್ಣ ಬಡಿದು ಒಳಗ ಇಂಥದ್ದು ಹಾಕ್ತಾರೆ."

"ಗಟ್ಟಿ ಮಾಡಿಕೊಡ್ರಿ ಮೇಸ್ತ್ರಿ."

"ಗಟ್ಟಿ ಅಂದ್ಯಾ? ತಡಿ. ನಿನ್ನ ಮೊಮ್ಮಗ ಬಂದು ಬಿಚ್ಚಬೇಕು, ಹಂಗ್ ಮಾಡಿಕೊಡ್ತೀನಿ."

ಲಾರಿಯ ಹಳೆಯ ಆಕ್ಸೆಲ್ಲಿನ ಉಕ್ಕಿನಿಂದ ಹತ್ತು ಬೋಲ್ಟು ತಿರುವಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದ ಹಾಕಿ ಕೊಟ್ಟರು. ಕನ್ನಡಿಯಂತೆ ಹೊಳೆಯುತ್ತಿದ್ದವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೇಬಿಗೆ ಕೈ ಹಾಕಿ ಮುಟ್ಟಿ ಮುಟ್ಟಿ ನೋಡಿಕೊಂಡು ಬಂದೆ.

ಮರುದಿನ ಒಂದು ಹುತ್ತ ಬಳಸಿ ತಿರುಗುವಾಗ ಹುಲ್ಲಿನಲ್ಲಿ ಗುದ್ದು ಕೇಳಿಸಿತು. ಅಲ್ಲಿ ಸುಣ್ಣವಿರಲಿಲ್ಲ. ಟ್ರ್ಯಾಕ್ಟರು ಇಡಿಯಾಗಿ ಒಮ್ಮೆ ಮೈ ಕೊಡವಿ ನಿಂತುಹೋಯಿತು. ಇಳಿದು ನೋಡಿದೆ. ಕಾಲುವೆಯವರು ಮದ್ದಿಟ್ಟು ಸಿಡಿಸಿದ ಬಂಡೆಯ ಚೂರೊಂದು, ಕುರಿಮರಿಯಷ್ಟು ದೊಡ್ಡದು, ಹಾರಿ ಬಂದು ಹುಲ್ಲಿನಲ್ಲಿ ಬಿದ್ದಿತ್ತು. ಅಲಗು ಮಡಿಚಿಕೊಂಡಿತ್ತು, ಆದರೆ ಕಲ್ಲು ತಟ್ಟೆಗೂ ನೆಲಕ್ಕೂ ನಡುವೆ ಸಿಕ್ಕಿತ್ತು. ಮೇಸ್ತ್ರಿಯ ಬೋಲ್ಟಿಗೆ ಒಂದು ಗೀರೂ ಆಗಿರಲಿಲ್ಲ. ಅದರ ಮುಂದಿನ ಷಾಫ್ಟು, ನನ್ನ ಮುಂಗೈಗಿಂತ ದಪ್ಪದ ಉಕ್ಕಿನ ಷಾಫ್ಟು, ಹುರಿ ಹಾಕಿದ ಹಗ್ಗದಂತೆ ತಿರುಚಿಕೊಂಡಿತ್ತು.

ಉಕ್ಕು ಹಾಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ, ಎಷ್ಟು ದೊಡ್ಡ ಶಕ್ತಿಯ ಬೆನ್ನ ಮೇಲೆ ನಾನು ಇಷ್ಟು ದಿನ ಕೂತಿದ್ದೆ ಎಂದು ಮೈ ಜುಂ ಎಂದಿತು.

ಹೆಂಡತಿ ಬಂದು ಕಲ್ಲು ನೋಡಿದಳು. "ಇದು ನಮ್ಮದಲ್ಲ. ಇದಕ್ಕ ಹೆಸರಿಲ್ಲ" ಎಂದಳು. ಆಮೇಲೆ ಸಿಟ್ಟಿನಿಂದ, "ಪ್ರತಿ ದಿನ ನಡೆದು ನೋಡಬೇಕಿತ್ತು. ಒಂದ್ಸಲ ನೋಡಿದ್ದು ಸಾಕು ಅಂತ ಕೂತೆ" ಎಂದು ತನ್ನನ್ನೇ ಬೈದುಕೊಂಡಳು.

ತಿರುಚಿದ ಷಾಫ್ಟನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಹರಿಹರಕ್ಕೆ ಹೊತ್ತೊಯ್ದೆ. ಮೇಸ್ತ್ರಿ ಷಾಫ್ಟನ್ನು ಬಾಗಿಲ ಬೆಳಕಿಗೆ ಹಿಡಿದರು. ತಮ್ಮ ಬೋಲ್ಟನ್ನು ಪಕ್ಕದಲ್ಲಿಟ್ಟರು. ಆಮೇಲೆ ಕೇಳಿದರು.

"ಆ ಬೋಲ್ಟು ಮುರೀಲಿ ಅಂತಾನೇ ಮಾಡಿದ್ದೇನೋ ತಮ್ಮಾ?"

"ಹಂಗಂತ ಈಗ ಅನ್ನಿಸ್ತೈತ್ರಿ. ನಾನೇ ಗಟ್ಟಿ ಮಾಡ್ರಿ ಅಂದೆ."

"ನೀನು ಡ್ರೈವರ. ನಾನು ಮೇಸ್ತ್ರಿ. ನನಗೆ ತಿಳೀಬೇಕಿತ್ತು." ಅವರು ಕೂತರು. "ನಮ್ಮಪ್ಪ ಬಡಿಗ. ನೊಗದ ಗೂಟಕ್ಕೆ ಹಗುರ ಕಟ್ಟಿಗೀನೇ ಹಾಕ್ತಿದ್ದ. ಯಾಕಪ್ಪಾ, ಮುರೀತೈತಲ್ಲ ಅಂದ್ರೆ, ಗೂಟ ಮುರೀದಿದ್ರೆ ಎತ್ತಿನ ಕುತ್ತಿಗಿ ಮುರೀತೈತೆ ಮಗನ ಅಂತಿದ್ದ. ಅಷ್ಟು ಕೇಳಿ ಬೆಳೆದವ ನಾನು."

ಅವರು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟರು. ನಾಲ್ಕು ದಿನ ಹಿಡಿಯಿತು. ಹೊಸ ಷಾಫ್ಟನ್ನು ಲೇತಿನಲ್ಲಿ ತಿರುವಿ, ಅದರ ತುದಿಯ ಹಲ್ಲುಗಳನ್ನು ಒಂದೊಂದಾಗಿ ಕೊರೆದರು. ಆಮೇಲೆ ಮೆದು ಕಬ್ಬಿಣದಲ್ಲಿ ಇಪ್ಪತ್ತು ಬೋಲ್ಟು ಮಾಡಿ, ಪ್ರತಿಯೊಂದರ ನಡುವಿಗೂ ದಾರದಷ್ಟು ತೆಳುವಾದ ಒಂದು ಗಾಡಿ, ಅಂದರೆ ಸುತ್ತಲೂ ಒಂದು ಕಚ್ಚು, ಹಾಕಿದರು, ಮುರಿದರೆ ಅಲ್ಲೇ ಮುರಿಯಲಿ ಎಂದು. ಕೊನೆಯದನ್ನು ನನ್ನ ಕೈಗಿಡುತ್ತ, "ಮುರೀಲಿ ಅಂತ ಸಾಮಾನು ಮಾಡಿದ್ದು ಜನ್ಮದಾಗ ಇದೇ ಮೊದಲು. ಮುರೀದಿದ್ರೆ ಬಂದು ಬೈ" ಎಂದರು.

ಮರಳಿ ಬಂದು ಎಲ್ಲ ಜೋಡಿಸುವ ಹೊತ್ತಿಗೆ ಶಿವರಾತ್ರಿ ಮುಗಿದಿತ್ತು. ಓವರ್‌ಸಿಯರು ಬರುವ ಸೋಮವಾರಕ್ಕೆ ಮೂರು ದಿನ. ಅರ್ಧಕ್ಕಿಂತ ಹೆಚ್ಚು ನೆಲ ಹಾಗೆಯೇ ನಿಂತಿತ್ತು, ಅದೂ ಕಲ್ಲು ಜಾಸ್ತಿಯಿದ್ದ ಅರ್ಧ. ಲೆಕ್ಕ ಹಾಕಿದೆ. ಹತ್ತು ದಿನದ ಕೆಲಸ. ಅವಳ ಅಣ್ಣ ನನ್ನ ಮುಖ ನೋಡದೆ ನೆಲ ನೋಡುತ್ತ ಕೂತಿದ್ದ. ಮಿಶನ್ನನ್ನು ಆರಿಸಿದ್ದು ಸರಿಯಾಗಿತ್ತು, ದಿನಗಳು ಸಾಲಲಿಲ್ಲ. ಸಾಹುಕಾರರಿಗೆ ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಹೆಂಡತಿ ಕಟ್ಟೆಯ ಮೇಲೆ ಅಣ್ಣನ ಮಗಳಿಗೆ ತಲೆ ಬಾಚುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಅವರು ಏನಂದ್ರು ಅಂತ ಇನ್ನೊಂದ್ಸಲ ಹೇಳ್ರಿ. ಎಲ್ಲಾ ಕಡಿಬೇಕು ಅಂದ್ರಾ?"

"ಕೋಲು ಈ ತಲೆಯಿಂದ ಆ ತಲೆಗೆ ಕಾಣಬೇಕು ಅಂದ್ರು."

"ಮತ್ತೆ ತಲಿ ಬೋಳಿಸಾಕ ಯಾಕ ಹತ್ತೀರಿ? ಬೈತಲಿ ತೆಗೀರಿ ಸಾಕು."

ಬಾಚಣಿಗೆಯ ತುದಿಯಿಂದ ಹುಡುಗಿಯ ನೆತ್ತಿಯ ಮೇಲೆ ಒಂದು ಗೆರೆ ಎಳೆದು ತೋರಿಸಿದಳು. ಹುಡುಗಿ ನಕ್ಕಳು. ನಮ್ಮಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಎದ್ದು ನಿಂತಿದ್ದೆವು.

ಮೂವತ್ತು ಎಕರೆ ಸವರುವ ಯೋಚನೆಯನ್ನು ಅಲ್ಲೇ ಬಿಟ್ಟೆವು. ಕಾಲುವೆಯ ತಲೆಯಿಂದ ಕೆಳಗಿನ ಹಳ್ಳದವರೆಗೆ ಒಂದೇ ದಾರಿ, ನೇರವಾಗಿ, ಒಂದು ಮಾರು ಅಗಲ. ಎರಡು ತುದಿಗೆ ಗಳ ನೆಟ್ಟು ಬಟ್ಟೆ ಕಟ್ಟಿದೆವು. ಅವಳು ದಿನ ಬೆಳಿಗ್ಗೆ ನನಗಿಂತ ಮೊದಲು ನಡೆದು, ಹೊಸ ಕಲ್ಲೇನಾದರೂ ಬಂದು ಬಿದ್ದಿದೆಯೇ ಎಂದು ಕಾಲಿನಿಂದ ತಡವುತ್ತಿದ್ದಳು. ದಾರಿಯಲ್ಲಿದ್ದ ತೊಡೆ ದಪ್ಪದ ಮರಗಳು ಹದಿನಾಲ್ಕು; ಅವಳ ಅಣ್ಣ ಕೊಡಲಿ ಹಿಡಿದ. ಜಗಳಗಂಟಿ ಕಲ್ಲುಗಳ ನಡುವೆ ಕಟರನ್ನು ನುಗ್ಗಿಸುವಾಗ ಎರಡು ಬದಿಗೂ ಒಂದು ಹಿಡಿ ಜಾಗವಿತ್ತು. ಏಳಡಿಯದಾಗಿದ್ದರೆ ಅಲ್ಲಿಗೇ ಕೆಲಸ ನಿಲ್ಲುತ್ತಿತ್ತು. ಬೋಲ್ಟು ಐದು ಸಲ ಮುರಿಯಿತು. ಪ್ರತಿ ಸಲವೂ ಗಾಡಿಯಲ್ಲೇ, ಚಾಕುವಿನಿಂದ ಕೊಯ್ದಷ್ಟು ಸಪಾಟಾಗಿ. ಷಾಫ್ಟಿಗೆ ಏನೂ ಆಗಲಿಲ್ಲ. ಮುರಿದ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಟೂಲ್ ಪೆಟ್ಟಿಗೆಯಲ್ಲಿಟ್ಟೆ.

ಭಾನುವಾರ ಹೊತ್ತು ಇಳಿಯುವಾಗ ಕೆಳಗಿನ ಗಳ ಮುಟ್ಟಿದೆ. ಟ್ರ್ಯಾಕ್ಟರು ನಿಲ್ಲಿಸಿ ಹಿಂತಿರುಗಿ ನೋಡಿದರೆ, ಮುಳ್ಳಿನ ಕಪ್ಪು ರಾಶಿಯ ನಡುವೆ ಕೆಂಪು ನೆಲದ ಒಂದೇ ಗೆರೆ, ಮೇಲಿನ ಗಳದ ಬಟ್ಟೆಯವರೆಗೆ.

ಸೋಮವಾರ ಓವರ್‌ಸಿಯರು ಬಂದರು, ಸಾಹುಕಾರರೂ ಬಂದರು. ಓವರ್‌ಸಿಯರು ಉಳಿದ ಜಾಲಿ ನೋಡಿ ಮುಖ ಗಂಟಿಕ್ಕಿದರು. ಆಮೇಲೆ ಗೆರೆ ಕಂಡರು. ದುರ್ಬೀನು ನಿಲ್ಲಿಸಿದರು. ಅವರ ಆಳು ಬಂದಿರಲಿಲ್ಲವಾದ್ದರಿಂದ ಕೋಲು ಹಿಡಿಯಲು ನಾನು ಹೋದೆ. ಅರ್ಧ ಫರ್ಲಾಂಗಿಗೊಮ್ಮೆ ಕೋಲು ನಿಲ್ಲಿಸುವುದು, ಅವರು ಕೈ ಎತ್ತಿದರೆ ಮುಂದಕ್ಕೆ ಹೋಗುವುದು. ಹೀಗೆ ಹಳ್ಳದವರೆಗೆ. ಕೊನೆಯ ಅಂಕಿ ಬರೆದುಕೊಂಡು ಅವರು ಸಾಹುಕಾರರಿಗೆ, "ಇಳಿಜಾರು ಚೆನ್ನಾಗಿದೆ. ತೂಬು ಇಲ್ಲೇ" ಎಂದು ಬೂಟಿನ ಹಿಮ್ಮಡಿಯಿಂದ ನೆಲ ಗುದ್ದಿ ತೋರಿಸಿದರಂತೆ. ನಾನು ದೂರದಲ್ಲಿದ್ದೆ, ಕೇಳಿಸಲಿಲ್ಲ. ಸಾಹುಕಾರರು ರುಮಾಲು ತೆಗೆದು ಮತ್ತೆ ಇಟ್ಟುಕೊಂಡದ್ದು ಕಾಣಿಸಿತು.

ಕೈ ಎತ್ತದ ಹೊರತು ಅಲುಗಬಾರದೆಂದು ನನಗೆ ಹೇಳಿದ್ದರು. ಅವರು ಕೈ ಎತ್ತಲಿಲ್ಲ. ಬದಲಿಗೆ ಪಕ್ಕಕ್ಕೆ ಸರಿದು, ಅಲ್ಲಿ ನಿಂತಿದ್ದ ನನ್ನ ಹೆಂಡತಿಗೆ ದುರ್ಬೀನು ತೋರಿಸಿದರು. ಅವಳು ಮೊದಲು ತಲೆಯಾಡಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

ಆ ಕಾಲದ ದುರ್ಬೀನಿನಲ್ಲಿ ನೋಡಿದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತೆಂದು ನನಗೆ ತಿಳಿದಿರಲಿಲ್ಲ. ಆಕಾಶ ಕೆಳಗೆ, ಕೆಂಪು ನೆಲ ಮೇಲೆ, ನೆಲದಿಂದ ತಲೆಕೆಳಗಾಗಿ ಜೋತುಬಿದ್ದ ನಾನು, ಕೈಯಲ್ಲಿ ಕೋಲು. ಇದನ್ನು ಅವಳು ಸಂಜೆ ಹೇಳಿದಳು. ಆಗ ನನಗೆ ಕಂಡದ್ದು ಇಷ್ಟೇ: ಗೆರೆಯ ಆ ತುದಿಯಲ್ಲಿ ಅವಳು ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ಬಗ್ಗಿ ನೋಡಿದಳು, ಮತ್ತೆ ಎದ್ದು, ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಭುಜ ಕುಲುಕುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಯಾಕೆಂದು ತಿಳಿಯದೆ, ಕೋಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು, ಅವಳು ನೋಡಿ ಮುಗಿಸುವ ತನಕ ನಾನು ನಿಂತೇ ಇದ್ದೆ.